ಖಂಡೆ ಪೂಜೆಯ ಬ್ಯಾಟು

ಜಮಖಂಡಿ ಬಸ್ ನಿಲ್ದಾಣದಲ್ಲಿ ಗಲಗಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬನಹಟ್ಟಿಯ ಅಕ್ಕ-ತಂಗಿ, ಮುಧೋಳಕ್ಕೆ ಪಂದ್ಯಕ್ಕೆ ಹೊರಟವರು. ಆಟದ ಉಡುಪಿನಲ್ಲಿದ್ದ ತಂಗಿ ಕೂತಲ್ಲಿ ಕೂರದೆ ಹಳೆಯ ಸಾಫ್ಟ್‌ಬಾಲ್ ಬ್ಯಾಟೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಅಕ್ಕಾ, ಇದರ ಮ್ಯಾಲೆ ಸಂಘದವರು ಒತ್ತೂ ಮಾನ್ಯತೆ ಶಿಕ್ಕಾನ ಇಲ್ಲ. ಅಂಪೈರ್ ಇದನ್ನ ಒಳಗ ಬಿಡೂದಿಲ್ಲ.”

“ಇತ್ತು. ಇದರಲೆ ನಾ ರಾಜ್ಯಮಟ್ಟಕ್ಕ ಆಡೇನಿ.”

“ಈಗೆಲ್ಲೈತಿ, ತೋರ್ಸು?”

“ಅವ್ವ ತಿಕ್ಕಿ ತಿಕ್ಕಿ ಅಳಿಸ್ಯಾಳ.”

“ಏನು?”

“ಪ್ರತಿ ವರ್ಷ ದಸರಾದಾಗ ಖಂಡೆ ಪೂಜಿಗೆ ಮಗ್ಗದ ಲಾಳಿ ಜೋಡಿ ಇದನ್ನೂ ಬೂದಿ ಹಚ್ಚಿ ತಿಕ್ಕಿ ಇಡ್ತಾಳ. ನಾ ಗಂಡನ ಮನಿಗೆ ಹೋದ ಮ್ಯಾಲೂ ಬಿಟ್ಟಿಲ್ಲ.”

“ನೀ ಬ್ಯಾಡ ಅನಬೇಕಿತ್ತು.”

“ಅಂದೆ. ದುಡದ ಸಾಮಾನಕ್ಕ ಕೈ ಮುಗೀಬೇಕು ಅಂದ್ಲು.”

“ಅಂಪೈರಗ ಹಿಂಗ ಹೇಳ್ಲೇನು?”

“ಜಗಳಾ ಮಾಡಬ್ಯಾಡ. ಆಗೂದಿಲ್ಲ ಅಂದ್ರ ತಂಡದ ಬ್ಯಾಟ್ ತಗೊ.”

“ಅದು ನನ್ನ ಕೈಗೆ ಹೊಂದೂದಿಲ್ಲ. ಮೊನ್ನಿ ಅದರಲೆ ಒಂದೂ ಹೊಡಿಲಿಲ್ಲ ನಾ.”

ಮುಧೋಳದ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಅಕ್ಕ ಸೆರಗಿನ ತುದಿ ಹಿಡಿದು ಎದ್ದಳು.

“ತಾ ಇಲ್ಲೆ. ಮುಂಜಾನೆ ಅವ್ವ ಬ್ಯಾಟಿಗೆ ಹಚ್ಚಿದ ಕುಂಕುಮಾರ ಒರಸ್ತೀನಿ. ನೋಡಿದವರು ನಗ್ತಾರ.”

ತಂಗಿ ಬ್ಯಾಟನ್ನು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡಕ್ಕಾ. ಅದೊಂದಾರ ಶಿಕ್ಕಾ ಇರ್ಲಿ.”

ಅಷ್ಟು ಹೇಳಿ ಓಡಿದವಳು ತೆರೆದ ಕಿಟಕಿಯಿಂದ ಆ ಬ್ಯಾಟನ್ನೇ ಒಳಗೆ ತೂರಿಸಿ, ಇಬ್ಬರಿಗೂ ಸೀಟು ಹಿಡಿದಳು.