ಪಕ್ಕದ ಸೀಟಿನ ಮಾತು

ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಪಕ್ಕದಲ್ಲೇ ಕಪ್ಪು ಕನ್ನಡಕದ ಮುದುಕರೊಬ್ಬರೂ ಅವರ ಅಕ್ಕನೂ ಕೂತಿದ್ದರು. ದರ್ಜಿಯ ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಬೇಡವೆಂದರೂ ಮಾತು ಬೀಳುತ್ತಿತ್ತು.

“ಇನ್ನು ದೃಷ್ಟಿ ಬರೋಲ್ಲವಂತೆ ಕಣೋ.”

“ಹೋಗಲಿ ಬಿಡಕ್ಕ. ಕಾರು ಮುಟ್ಟದೆ ಎಷ್ಟೋ ವರ್ಷ ಆಯ್ತಲ್ಲ.”

“ರೇಸು ಬಿಡಬೇಡ ಅಂತ ಎಲ್ಲರೂ ಕೈಕಾಲು ಹಿಡಿದರು. ಗೆಲ್ಲೋ ಕಾಲದಲ್ಲೇ ಬಿಟ್ಟೆ.”

“ಪಕ್ಕದಲ್ಲಿ ಕೂತು ದಾರಿ ಹೇಳೋಕೆ ಭಾವ ಇರಲಿಲ್ಲವಲ್ಲ. ಅವರು ಎಡಕ್ಕೆ, ಬಲಕ್ಕೆ, ನೇರ ಅಂತಿದ್ದರು, ನಾನು ಕಣ್ಣುಮುಚ್ಚಿ ನಂಬ್ತಿದ್ದೆ.”

“ಆವತ್ತಿನ ರೇಸಲ್ಲೂ ನಮ್ಮವರ ಮಾತು ಕೇಳಿ ಎಡಕ್ಕೆ ತಿರುಗಿಸಿದ್ದರೆ ಕಾರು ಉರುಳ್ತಿರಲಿಲ್ಲ, ಅವರು ಬದುಕಿರ್ತಿದ್ದರು.”

“ಹೂಂ. ಅವರು ಸರಿಯಾಗೇ ಹೇಳಿದ್ದರು. ನನಗೇ ಕೇಳಿಸಲಿಲ್ಲ.”

“ಅದಕ್ಕೇ ಎಷ್ಟು ವರ್ಷ ನಿನ್ನ ಮುಖ ನೋಡಲಿಲ್ಲ ನಾನು.”

“ನೋಡದೆ ಇದ್ದಿದ್ದು ಸರೀನೇ ಅಕ್ಕ.”

ಔಷಧಿ ತಗೊಂಡು ಹೊರಡಿ ಎಂದು ನರ್ಸ್ ಹೇಳಿದಳು. ಅಕ್ಕ ತಮ್ಮನನ್ನು ಎಬ್ಬಿಸಿ, ಚೀಲಕ್ಕೆ ಬಗ್ಗುತ್ತಾ, “ನೇರ ಬಾ,” ಅಂದರು. ದರ್ಜಿಗೇ ಸ್ಪಷ್ಟವಾಗಿ ಕೇಳಿಸಿತು. ಮುದುಕರು ನೇರ ಹೋದವರು ಎದುರಿನ ಕುರ್ಚಿಗೆ ಮೊಣಕಾಲು ಬಡಿದುಕೊಂಡರು.

“ಅಯ್ಯೋ, ಎಡಕ್ಕೆ ಅನ್ನಬೇಕಿತ್ತು. ತಪ್ಪು ಹೇಳಿಬಿಟ್ಟೆನಲ್ಲೋ!”

“ಇಲ್ಲಕ್ಕ, ನೀನು ಸರಿಯಾಗೇ ಹೇಳಿದೆ. ನನಗೇ ಕೇಳಿಸಲಿಲ್ಲ.”

ಅಕ್ಕ ನಿಂತಲ್ಲೇ ನಿಂತರು.

“ಆವತ್ತೂ ಹೀಗೇನಾ?”

“ದಾರಿ ಹೇಳಕ್ಕ, ಹಿಂದೆ ಜನ ಇದ್ದಾರೆ.”

ಅಕ್ಕ ಅವರ ಕೈ ಹಿಡಿದುಕೊಂಡರು. ಬಾಗಿಲು ದಾಟುವವರೆಗೂ ಎಡಕ್ಕೂ ಬಲಕ್ಕೂ ಕೈ ಹಿಡಿದೇ ನಡೆಸಿದರು.