ನಲವತ್ತಮೂರು ಹೆಸರು ಮತ್ತು ಒಂದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಪ್ಪತ್ತೆಂಟು ವರ್ಷ ನನ್ನ ಗೊಣಗಾಟ ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ನಿವೃತ್ತನಾಗುವವನ ಬಗ್ಗೆ ಒಳ್ಳೆಯದನ್ನೇ ಹೇಳಬೇಕಾಗುತ್ತದೆ; ನೀವೂ ಹೇಳಿದಿರಿ. ನಮ್ಮ ನಕ್ಷೆ ಕಚೇರಿಯ ನಲವತ್ತಮೂರು ಕಂಪ್ಯೂಟರುಗಳಿಗೂ ನಾನೇ ಹೆಸರಿಟ್ಟೆನೆಂದು ಅಧ್ಯಕ್ಷರು ಹೊಗಳಿದರು. ನಿಜ. ಹೆಸರಿಡುವುದೆಂದರೆ ಹುಡುಗಾಟವೇ? ಹೊಸ ಯಂತ್ರ ಬಂದರೆ ಒಂದು ವಾರ ಅದರ ಸ್ವಭಾವ ನೋಡುತ್ತಿದ್ದೆ. ಮುದ್ರಣ ಕೋಣೆಯದು ಸದಾ ಸದ್ದು ಮಾಡುತ್ತಿತ್ತು, ಗುಡುಗು ಎಂದೆ. ಮಾತುಮಾತಿಗೆ ಮುನಿಸಿಕೊಂಡು ನಿಲ್ಲುತ್ತಿದ್ದ ಟಪಾಲು ವಿಭಾಗದ್ದು ದುರ್ವಾಸ. ಬೆಳಿಗ್ಗೆ ಬಂದವನು ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸಿಯೇ ಕೂರುತ್ತಿದ್ದೆ.

ಮನೆಗೂ ಒಂದು ಕಂಪ್ಯೂಟರ್ ತಂದೆ. ನನ್ನ ಹೆಂಡತಿ ಬೆನ್ನ ಹಿಂದೆ ಬಂದು ನಿಂತು, "ಇದಕ್ಕೆ ನನ್ನ ಹೆಸರಿಡಿ. ಹಾಗಾದ್ರೂ ಅದು ನಿಮ್ಮ ಬಾಯಲ್ಲಿ ಬರ್ಲಿ," ಎಂದಳು. "ಸುಮ್ನಿರೇ," ಎಂದು ನಕ್ಕು, 'ಮನೆ ಒಂದು' ಎಂದು ಟೈಪು ಮಾಡಿದೆ. ಮಾರನೆಯ ದಿನ ನೋಡಿದರೆ ಪರದೆಯ ಕೆಳಗೆ ಚೀಟಿ ಅಂಟಿಸಿದ್ದಳು: 'ಸವತಿ'. ಇದನ್ನು ಹೇಳಿ ನಿಮ್ಮನ್ನು ಎಷ್ಟು ಸಲ ನಗಿಸಿಲ್ಲ? ಈಗಲೂ ನಗುತ್ತಿದ್ದೀರಿ.

ಆದರೆ ಮೂವತ್ತೊಂದು ವರ್ಷ ಅವಳನ್ನು ನಾನು ಏನೆಂದು ಕರೆದೆ? 'ಇವಳೇ' ಎಂದೆ. 'ಕೇಳಿಸ್ತಾ' ಎಂದೆ. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಮೂರು ತಿಂಗಳ ಹಿಂದೆ ದುರ್ವಾಸ ಪೂರ್ತಿ ಕೆಟ್ಟು ನಿಂತಿತಲ್ಲ, ಆ ದಿನ ಊಟಕ್ಕೆ ಕೂತು ಅದರ ಹೆಸರು ಹೇಳಿ ಹೇಳಿ ಕಣ್ಣೊರೆಸಿಕೊಂಡೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ನನ್ನ ಹೆಸರೇನು, ಹೇಳಿ ನೋಡೋಣ," ಎಂದಳು.

"ಇದೆಂಥ ಪ್ರಶ್ನೆ, ಮೊದಲು ಬಡಿಸು," ಎಂದೆ ನಾನು. ಬಡಿಸಿದಳು. ಮರುದಿನ ತನ್ನ ತಂಗಿಯ ಮನೆಗೆ ಹೊರಟುಹೋದಳು.

ಮಂಡಿನೋವಿನಿಂದ ನನ್ನ ಶ್ರೀಮತಿಯವರಿಗೆ ಬರಲಾಗಲಿಲ್ಲ ಎಂದು ಕಾರ್ಯದರ್ಶಿಗಳು ಆಗ ಹೇಳಿದರು. ಹಾಗೆ ಹೇಳಿಸಿದ್ದು ನಾನೇ. ಇದನ್ನೆಲ್ಲ ಇಲ್ಲಿ ಹೇಳಬೇಕೆಂದು ಬಂದವನಲ್ಲ. ನನಗೆ ನಾಚಿಕೆಯಾಗುತ್ತಿದೆ.

ನೀವು ಕೊಟ್ಟ ಈ ಹೊಸ ಲ್ಯಾಪ್‌ಟಾಪಿಗೆ ವೇದಿಕೆಯ ಮೇಲೆಯೇ ಹೆಸರಿಡಬೇಕೆಂದು ಕೇಳಿದಿರಿ. ಕ್ಷಮಿಸಿ, ಇಡಲಾರೆ. ನನ್ನ ಬಾಯಲ್ಲಿ ಈಗ ಒಂದೇ ಹೆಸರಿದೆ. ಮೈಕಿನಲ್ಲಿ ಹೇಳಿದರೆ ಅವಳಿಗಿಂತ ಮೊದಲು ನೀವು ಕೇಳಿದಂತಾಗುತ್ತದೆ. ಐದೂವರೆಯ ಬಸ್ಸಿಗೆ ಅವಳ ತಂಗಿಯ ಮನೆಗೆ ಹೋಗಿ, ಗೇಟಿನ ಬಳಿ ನಿಂತು ಕರೆಯುತ್ತೇನೆ. ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ನಾಲಿಗೆ ಇನ್ನೂ ತಡವರಿಸುತ್ತದೆ.

ನಾನಿಟ್ಟ ಹೆಸರುಗಳನ್ನೆಲ್ಲ ಇಷ್ಟು ವರ್ಷ ಬಾಯ್ತುಂಬ ಕರೆದ ನಿಮಗೆ ನಾನು ಋಣಿ. ಬಸ್ಸಿಗೆ ಹೊತ್ತಾಯಿತು. ನಮಸ್ಕಾರ.