ಇಳಿದ ತೂಕ

ಲಾರಿ ತೂಗುವ ವೇಬ್ರಿಡ್ಜಿನ ಸರದಿಯಲ್ಲಿದ್ದ ಜಲ್ಲಿ ಲಾರಿಯ ಡ್ರೈವರನ ಕಿವಿಗೆ, ಮುಂದೆ ಟ್ರಕ್ಕನ್ನು ತೂಕಕ್ಕೆ ನಿಲ್ಲಿಸಿದ್ದ ಗಂಡಹೆಂಡಿರ ಜಗಳ ಬಿತ್ತು. ಟ್ರಕ್ಕಿನ ಬೆನ್ನ ಮೇಲೆಯೇ ಮನೆ ಕಟ್ಟಿಕೊಂಡು ಕಾಡುಮೇಡು, ಮರಳುಗಾಡು ಸುತ್ತುವವರು.

"ಬೋರ್ಡು ನೋಡು, ತೂಕ ಇನ್ನೂ ಜಾಸ್ತಿ ಇದೆ. ಮರಳಲ್ಲಿ ಹೂತುಹೋಗ್ತೀವಿ."

"ನನ್ನ ಹೊಲಿಗೆ ಮಷಿನ್ ಇಳಿಸಿದ್ರಿ. ಚಮಚದ ಹಿಡಿಗೂ ತೂತು ಕೊರೆದ್ರಿ!"

"ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತೆ ಕಣೇ."

"ನಿಮ್ಮ ಎರಡು ಸ್ಟೆಪ್ನಿ? ಆ ಕಬ್ಬಿಣದ ಪೆಟ್ಟಿಗೆ?"

"ಅದೆಲ್ಲಾ ಬೇಕೇ ಬೇಕು."

"ನಾನು?"

"ತಲೆ ತಿನ್ಬೇಡ. ಸ್ವಲ್ಪ ಕೆಳಗಿಳಿ, ನೀನಿಲ್ದೆ ಎಷ್ಟು ಬರುತ್ತೆ ನೋಡೋಣ."

ಆಕೆ ಕೈಚೀಲದ ಸಮೇತ ಇಳಿದಳು.

"ಹಾಂ, ಈಗ ಸರಿಯಾಯ್ತು! ಬಾ, ಹತ್ತು."

"ಸರಿಯಾಗಿರೋದನ್ನ ಮತ್ತೆ ಯಾಕೆ ಕೆಡಿಸ್ತೀರಿ?"

ಬಾಗಿಲನ್ನು ರಪ್ಪನೆ ಹಾಕಿ ಆಕೆ ಬಸ್‌ಸ್ಟಾಪಿನತ್ತ ಬಿರಬಿರನೆ ನಡೆದಳು. ಟ್ರಕ್ಕು ಕದಲಲಿಲ್ಲ. ಹಿಂದಿನ ಜಲ್ಲಿ ಲಾರಿಯ ಡ್ರೈವರ್ ಹಾರ್ನ್ ಒತ್ತಿ ಹಿಡಿದ.